ಹದಿನೈದು ಡಿಗ್ರಿ

ಬಾಗಲೂರಿನ ಹೊರಗಿದ್ದ ಶೇಷಗಿರಿಯವರ ಲ್ಯಾಬಿನಲ್ಲಿ ಗಾಜಿನ ಬಾಟಲಿಗಳೊಳಗೆ ಬಾಳೆ ಸಸಿ ಬೆಳೆಸುತ್ತಿದ್ದರು. ಬಾಟಲಿಗಳಿದ್ದ ಕೋಣೆ ಸದಾ ಇಪ್ಪತ್ತಾರು ಡಿಗ್ರಿಯಲ್ಲೇ ಇರಬೇಕು. ಮನೆಯಿಂದಲೇ ಅದನ್ನು ನೋಡಿ ಏರಿಸಿ ಇಳಿಸುವ ಸಾಫ್ಟ್‌ವೇರನ್ನು ಅವರು ೨೦೧೪ರಲ್ಲಿ ಹಾಕಿಸಿದ್ದರು. ಪಾಸ್‌ವರ್ಡ್ ಗೊತ್ತಿದ್ದದ್ದು ಅವರಿಗೆ, ಮತ್ತು ಒಂಬತ್ತು ವರ್ಷದಿಂದ ಸಸಿಗಳನ್ನು ನೋಡಿಕೊಳ್ಳುತ್ತಿದ್ದ ಕೆಂಪಾಪುರದ ರಂಜನಿಗೆ ಮಾತ್ರ.

ಮರುವರ್ಷ ಜೂನಿನಲ್ಲಿ ಯಾರೋ ಮೂರು ಸಲ ಕೋಣೆಯನ್ನು ಹದಿನೈದು ಡಿಗ್ರಿಗೆ ಇಳಿಸಿದರು. ಮೂರನೆಯ ಸಲ ಶನಿವಾರ ಮಧ್ಯಾಹ್ನ ಇಳಿದದ್ದು ಸೋಮವಾರದವರೆಗೂ ಯಾರಿಗೂ ತಿಳಿಯಲಿಲ್ಲ. ಎರಡು ಸಾವಿರ ಸಸಿ ಕಂದಿ ಹೋದವು. ಸಾಫ್ಟ್‌ವೇರಿನ ದಾಖಲೆಯಲ್ಲಿ ಒಳಬಂದವರ ಹೆಸರಿನ ಜಾಗ ಮೂರೂ ಸಲ ಖಾಲಿ.

ಗೊತ್ತಿದ್ದವರೇ ಹೆಸರು ಅಳಿಸಿದ್ದಾರೆ ಎಂದುಕೊಂಡರು ಶೇಷಗಿರಿ. ಬೇರೆ ಲ್ಯಾಬಿನವರು ರಂಜನಿಯನ್ನು ಕೆಲಸಕ್ಕೆ ಕರೆದಿದ್ದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಅವತ್ತೇ ಕೆಲಸದವರೆಲ್ಲರ ಮುಂದೆ, "ಕೋಣೆ ಕೀ ಕೊಡಿ ರಂಜನಿ, ಸ್ವಲ್ಪ ದಿನ ನನ್ನ ಹತ್ರ ಇರ್ಲಿ" ಎಂದರು. ಆಕೆ ಮಾತಾಡದೆ ಕೊಟ್ಟಳು. ಅಲ್ಲಿಂದಾಚೆ ಅವಳು ಕಂಪ್ಯೂಟರಿನ ಮುಂದೆ ಕೂತರೆ ಹಿಂದೆ ಯಾರಾದರೂ ಬಂದು ನಿಲ್ಲುತ್ತಿದ್ದರು. ಬಾಟಲಿ ತೊಳೆಯುವ ಗೋಪಾಲಮ್ಮ ಮಾತ್ರ, "ಇಂಗೆ ಸುಮ್ಕಿದ್ರೆ ನೀವೇ ಮಾಡಿದ್ದು ಅಂತಾರೆ ಕಣವ್ವ" ಎಂದು ಎಚ್ಚರಿಸಿದಳು.

ಶೇಷಗಿರಿ ಯಾರಿಗೂ ಹೇಳದೆ ಪಾಸ್‌ವರ್ಡ್ ಬದಲಾಯಿಸಿದರು. ಎರಡು ದಿನದ ಮೇಲೆ, ರಂಜನಿ ರಜೆಯಲ್ಲಿದ್ದ ಮಧ್ಯಾಹ್ನ, ಲ್ಯಾಬಿನಲ್ಲೇ ಕೂತಿದ್ದ ಅವರಿಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಯಾರೋ ಒಳಬಂದದ್ದು ಕಾಣಿಸಿತು. ತಕ್ಷಣ ಅವಳಿಗೆ ಫೋನ್ ಮಾಡಿದರು.

"ಈಗ ಒಳಗೆ ಬಂದಿದ್ದು ನೀವೇನಾ?"

"ಹೌದು ಸರ್, ಟೆಂಪರೇಚರ್ ನೋಡ್ದೆ."

"ಹೊಸ ಪಾಸ್‌ವರ್ಡ್ ಯಾರ್ ಕೊಟ್ರು ನಿಮಗೆ?"

"ಹೊಸದಾ? ನಾನು ಹಾಕಿದ್ದು ಹಳೇದೇ ಸರ್."

"ಸುಳ್ಳು ಹೇಳ್ಬೇಡಿ."

"ನೀವೇ ಹಾಕಿ ನೋಡಿ ಸರ್. ಬಾಯಿಗೆ ಬಂದಿದ್ದು ಹಾಕಿ."

ಶೇಷಗಿರಿ ಸಿಟ್ಟಿನಿಂದಲೇ ಗೋಪಾಲಮ್ಮನ ಹೆಸರು ಹಾಕಿ, ಒಂದು ಎರಡು ಮೂರು ನಾಲ್ಕು ಎಂದು ಒತ್ತಿದರು. ಕೋಣೆಯ ಪುಟ ತೆರೆದುಕೊಂಡಿತು.

"ಆ ಶನಿವಾರಾನೂ ಕರೆಂಟ್ ಇರ್ಲಿಲ್ಲ. ಈಗ ಇದ್ಯಾ ಸರ್?" ಎಂದಳು ರಂಜನಿ.

"ಇಲ್ಲ. ಕೋಣೆ, ಅದರ ಕಂಟ್ರೋಲ್ ಪೆಟ್ಟಿಗೆ, ಇಂಟರ್ನೆಟ್ ಎಲ್ಲಾ ಜನರೇಟರ್ ಮೇಲೆ ನಡೀತಿದೆ. ಆಫೀಸ್ ಕಂಪ್ಯೂಟರ್ ಆಫ್ ಆಗಿದೆ."

"ಪಾಸ್‌ವರ್ಡ್ ಇರೋದು ಅದರಲ್ಲೇ ಅಲ್ವಾ?"

ಮರುದಿನ ಸಾಫ್ಟ್‌ವೇರ್ ಕಂಪನಿಯ ನಜೀರ್ ಬಂದು, ಅರ್ಧ ಗಂಟೆ ನೋಡಿ, ತಲೆ ತಗ್ಗಿಸಿದ. "ಆ ಕಂಪ್ಯೂಟರಿಂದ ಉತ್ತರ ಬರ್ಲಿಲ್ಲ ಅಂದ್ರೆ ಇದು ಯಾರನ್ನೂ ಬಿಡ್ಬಾರ್ದಿತ್ತು ಸರ್. ನಮ್ಮೋರು ಬರೆದಿರೋದು ಹೆಂಗಿದೆ ಅಂದ್ರೆ, ತಪ್ಪು ಅಂತ ಹೇಳೋರು ಇಲ್ದಿದ್ರೆ ಸರಿ ಅಂದ್ಕೊಳತ್ತೆ. ಹೆಸರೂ ದಾಖಲೆಗೆ ಬರಲ್ಲ."

ಒಳಗಿನ ಇನ್ನೊಂದು ಕಡತ ತೆಗೆದಾಗ ಹೆಸರು ಸಿಕ್ಕಿತು: ಶೇಖರಪ್ಪ. ಅವರದು ಸೋಲದೇವನಹಳ್ಳಿಯ ಅಣಬೆ ಶೆಡ್ಡು, ಸಾಫ್ಟ್‌ವೇರ್ ಇದೇ ಕಂಪನಿಯದು. ಹಾಕಿಕೊಟ್ಟವನು ಇಂಟರ್ನೆಟ್ ವಿಳಾಸದ ಒಂದು ಅಂಕಿ ತಪ್ಪಾಗಿ ಬರೆದಿದ್ದರಿಂದ ಅವರಿಗೆ ತಮ್ಮ ಶೆಡ್ಡಿನ ಬದಲು ಈ ಕೋಣೆ ಸಿಗುತ್ತಿತ್ತು. ಬಾಗಲೂರಿನಲ್ಲಿ ಕರೆಂಟ್ ಇದ್ದಾಗ ಶೇಖರಪ್ಪನವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಕರೆಂಟ್ ಹೋದಾಗ ತೆರೆಯುತ್ತಿತ್ತು.

ನಜೀರ್ ಅಲ್ಲಿಂದಲೇ ಫೋನ್ ಮಾಡಿ ಶೇಷಗಿರಿಗೂ ರಂಜನಿಗೂ ಕೇಳುವಂತೆ ಇಟ್ಟ.

"ಹದಿನೈದಾ? ನಾನೇ ಇಟ್ಟಿದ್ದು ಸ್ವಾಮಿ, ಅಣಬೆಗೆ ಅಷ್ಟೇ ಬೇಕು," ಎಂದರು ಶೇಖರಪ್ಪ. "ಎಷ್ಟು ಇಳಿಸಿದ್ರೂ ಶೆಡ್ಡು ತಣ್ಣಗೇ ಆಗ್ತಿರ್ಲಿಲ್ಲ. ನಮ್ ಬೈರಣ್ಣ ಕದ್ದು ಏರಿಸ್ತಾವ್ನೆ ಅಂತ ಅವನನ್ನ ಕೆಲಸದಿಂದ ತೆಗೆದ್ಬುಟ್ಟೆ."

ನಜೀರ್ ಹೋದ ಮೇಲೆ ಶೇಷಗಿರಿ ಕೀಯನ್ನು ಮೇಜಿನ ಮೇಲಿಟ್ಟು, "ತಪ್ಪಾಯ್ತು ರಂಜನಿ" ಎಂದರು.

"ಇಸ್ಕೊಂಡಾಗ ಎಲ್ಲರೂ ಇದ್ರು ಸರ್. ಈಗ ಯಾರೂ ಇಲ್ಲ."

ಅವರು ಎದ್ದು ಹೋಗಿ ಎಲ್ಲರನ್ನೂ ಕರೆದರು. ಮಾತು ತಡವರಿಸಿತು, ಆದರೂ ಪೂರ್ತಿ ಹೇಳಿದರು.

ವಾರದ ಮೇಲೆ ಶೇಖರಪ್ಪನವರೇ ಒಂದು ಚೀಲ ಅಣಬೆ ಹಿಡಿದು ಬಂದರು. ಸಸಿಗಳ ಮುಂದೆ ಬಹಳ ಹೊತ್ತು ನಿಂತರು. ರಂಜನಿ ಬೈರಣ್ಣನ ಬಗ್ಗೆ ಕೇಳಿದಳು.

"ಎರಡು ಸಲ ಹೋಗಿದ್ದೆ ಕಣಮ್ಮ. ಬಾಗಿಲೇ ತೆಗೀಲಿಲ್ಲ."

"ಇನ್ನೊಂದ್ಸಲ ಹೋಗಿ," ಎಂದಳು ರಂಜನಿ. "ತೆಗೀದಿದ್ರೆ ಬೀದೀಲೇ ನಿಂತು ಹೇಳಿ. ಅಕ್ಕಪಕ್ಕದೋರು ಕೇಳಿಸ್ಕೊಳ್ಳಿ."