ಬಿಳಿ ಕೋಟಿನ ಕೆಳಗೆ ಹವಾಯಿ ಚಪ್ಪಲಿ

"ಇನ್ನೂ ಬಗ್ಗು! ಹೊಟ್ಟೆಗೆ ಅನ್ನ ತಿಂತೀಯೋ, ಕಲ್ಲು ತಿಂತೀಯೋ? ಬಗ್ಗು ಅಂದ್ರೆ ಹಿಂಗಾ ಬಗ್ಗೋದು?"

ದೊಡ್ಡಕ್ಕ ಇನ್ನೂ ಬಗ್ಗಿದಳು. ಇಪ್ಪತ್ತೆರಡು ವರ್ಷ ಬೀದಿ ಗುಡಿಸಿದವಳಿಗೆ ಬಗ್ಗುವುದನ್ನು ಹೇಳಿಕೊಡುವ ಗಂಡಸು ಕೊನೆಗೂ ಸಿಕ್ಕಿದ್ದ. ಬಿಳಿ ಕೋಟು ತೊಟ್ಟು, ತಿರುಗುವ ಕುರ್ಚಿಯಲ್ಲಿ ಒರಗಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದ. ಕಾಳು ಬಾಯಿಗೆ, ಸಿಪ್ಪೆ ನೆಲಕ್ಕೆ.

ವರ್ಷಕ್ಕೊಮ್ಮೆ ಗುಡಿಸುವವರೆಲ್ಲ ಈ ಆಫೀಸಿಗೆ ಬಂದು, ಡಾಕ್ಟರ ಮುಂದೆ ನಿಂತು, ಮೈಯಲ್ಲಿ ಇನ್ನೂ ಕಸುವಿದೆ ಎಂದು ಚೀಟಿಗೆ ಸೀಲು ಒತ್ತಿಸಿಕೊಳ್ಳಬೇಕು. ನೀಲಿ ಸೀಲು ಬಿದ್ದರೆ ಇನ್ನೊಂದು ವರ್ಷ ಕೆಲಸ. ಕೆಂಪು ಬಿದ್ದರೆ ಮನೆಗೆ. ಇವತ್ತೇ ಕೊನೆಯ ದಿನ. ಮೇಸ್ತ್ರಿ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದ: "ಐದು ಗಂಟೆಗೆ ನೀಲಿ ಸೀಲು ನನ್ನ ಕೈಲಿರ್ಬೇಕು. ಇಲ್ಲಾಂದ್ರೆ ನಾಳೆ ನಿನ್ನ ಬೀದೀಲಿ ಇನ್ನೊಬ್ಬಳು." ಮನೆಯಲ್ಲಿ ಗಂಡ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ದುಡಿಯುವ ಕೈ ಅಂತ ಇದ್ದುದು ಇವಳದೊಂದೇ.

ಮಧ್ಯಾಹ್ನದಿಂದ ಹನ್ನೆರಡು ಮಂದಿ ಹೆಂಗಸರು ವರಾಂಡದಲ್ಲಿ ಗೋಡೆಗೆ ಪೊರಕೆ ಒರಗಿಸಿ ಕೂತಿದ್ದರು. ನಾಲ್ಕಾದ ಮೇಲೆ ಜವಾನ ಪೇಪರಿನಿಂದ ತಲೆಯೆತ್ತದೆಯೇ, "ಡಾಕ್ಟ್ರು ಒಳಗವ್ರೆ, ಒಬ್ಬೊಬ್ರೇ ಹೋಗಿ" ಎಂದ. ಹಿರಿಯಳೆಂದು ದೊಡ್ಡಕ್ಕ ಮೊದಲು ಬಂದಳು. ಅವಳ ಎಡಗಾಲ ಮಂಡಿ ಕೈಕೊಟ್ಟೀತೆಂದು, ಜೊತೆಗೇ ಗುಡಿಸುವ ನಾದಿನಿ ಹಿಂದೆಯೇ ಬಂದಳು.

ಬಾಗಿಲು ದಾಟಿದೊಡನೆ ದೊಡ್ಡಕ್ಕ ನೋಡಿದ್ದು ಕಾಲನ್ನು. ಗುಡಿಸುವವರು ಜನರ ಮುಖ ನೋಡುವುದು ಕಡಿಮೆ. ಯಾರ ಕಾಲಿಗೂ ಧೂಳು ತಾಗಬಾರದಲ್ಲ! ಹಾಗಾಗಿ ಬೂಟು ಯಾವುದು ಸಾಹೇಬರದು, ಸವೆದ ಹಿಮ್ಮಡಿ ಯಾವ ಗುಮಾಸ್ತನದು ಎಂದು ಅವಳು ನಿದ್ದೆಗಣ್ಣಲ್ಲೂ ಹೇಳಬಲ್ಲಳು. ಮೇಜಿನ ಕೆಳಗೆ ಅಲ್ಲಾಡುತ್ತಿದ್ದುದು ಒಂದು ಜೊತೆ ಹವಾಯಿ ಚಪ್ಪಲಿ. ಬಾರು ಕಿತ್ತ ಕಡೆ ಪಿನ್ನು ಚುಚ್ಚಿತ್ತು. ಡಾಕ್ಟರಿಗೆ ಪಿನ್ನು ಚುಚ್ಚಿದ ಚಪ್ಪಲಿಯೇ? ಎಂದು ಕಣ್ಣು ಕೇಳಿತು. ಕುರ್ಚಿ, ಕೋಟು ಎರಡೂ ಇರುವವನ ಚಪ್ಪಲಿ ವಿಚಾರಿಸಲು ನೀನ್ಯಾವ ಪೊಲೀಸು? ಎಂದು ಬುದ್ಧಿ ಗದರಿತು. ಬೆನ್ನು ತಾನಾಗಿಯೇ ಬಗ್ಗಿತು.

"ಈಗ ಹತ್ತು ಬಸ್ಕಿ. ಕಿವಿ ಹಿಡ್ಕೊಂಡು."

"ಕಿವಿ ಯಾಕ್ ಸಾರ್?" ಎಂದಳು ನಾದಿನಿ. ಅವಳದು ಹುಟ್ಟಿನಿಂದಲೇ ಬಾಯಿ ಜೋರು.

"ಕಿವಿ ಹಿಡಿದ್ರೆ ನರ ಸಡ್ಲ ಆಗ್ತದೆ. ಓದಿರೋನು ನಾನಾ, ನೀನಾ?"

ದೊಡ್ಡಕ್ಕ ಕಿವಿ ಹಿಡಿದಳು. ಮೂರಕ್ಕೆ ಮಂಡಿ ಕಟಕಟ ಎಂದಿತು. ಐದಕ್ಕೆ ಕಣ್ಣು ಕತ್ತಲಿಟ್ಟಿತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಬಿಡುವೇ ಇಲ್ಲ ಮಾರಾಯಾ, ದೊಡ್ಡ ಕೆಲಸದಲ್ಲಿದೀನಿ. ನಿಲ್ಲು, ನಿನಗೂ ತೋರಿಸ್ತೀನಿ," ಎಂದು ಫೋನನ್ನು ಇವಳತ್ತ ತಿರುಗಿಸಿದ. "ಏಯ್, ಸ್ವಲ್ಪ ನಗುಮುಖ ಮಾಡು. ಎಷ್ಟಾಯ್ತು, ಆರಾ? ಲೆಕ್ಕ ತಪ್ಪಿತು ನೋಡು. ಮೊದಲಿಂದ."

ಮೊದಲಿಂದ ಹತ್ತು ಹೊಡೆದಳು.

"ಕಸ ಎತ್ತೋ ತಾಕತ್ತೂ ನೋಡ್ಬೇಕಲ್ಲ! ಈ ಸಿಪ್ಪೆ ಎಲ್ಲಾ ಕೈಲೇ ಬಾಚು. ಮಂಡಿ ಊರಿ."

ದೊಡ್ಡಕ್ಕ ಮಂಡಿಯೂರಿ ಮೇಜಿನ ಕೆಳಗೆ ತೆವಳಿದಳು. ಅವನು ಒಂದೊಂದೇ ಕಾಲೆತ್ತಿ ದಾರಿ ಬಿಟ್ಟ. ಸಿಪ್ಪೆಯನ್ನೆಲ್ಲ ಸೆರಗಿಗೆ ತುಂಬಿಕೊಂಡು ಎದ್ದರೆ, "ಸೀರೆ ಎತ್ತು, ಮಂಡಿ ನೋಡ್ಬೇಕು," ಎಂದ. ಎತ್ತಿದಳು. ಮಂಡಿ ಊದಿ ಕೆಂಪಗಾಗಿತ್ತು. ಮಗನ ವಯಸ್ಸಿನವನ ಮುಂದೆ ಹಾಗೆ ನಿಂತಾಗ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಆಯ್ತಾ ಸಾರ್? ಸೀಲು ಹಾಕ್ತೀರಾ?"

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಕರಿ ಬೂಟೊಂದು ಒಳಗೆ ಬಂತು. ಹೊಳೆಯುವ ಬೂಟು, ಇಸ್ತ್ರಿ ಮುರಿಯದ ಪ್ಯಾಂಟು. ಮುಖ ನೋಡುವ ಮೊದಲೇ ದೊಡ್ಡಕ್ಕನಿಗೆ ಎಲ್ಲ ತಿಳಿದುಹೋಯಿತು.

"ಲೋ, ನನ್ನ ಕೋಟು ಯಾಕೋ ಹಾಕ್ಕೊಂಡೆ?"

"ಫ್ಯಾನ್ ಗಾಳಿಗೆ ಚಳಿ ಆಯ್ತು ಭಾವ. ಊಟಕ್ಕೆ ಹೋದೋರು ಮೂರು ತಾಸಾದ್ರೂ ಪತ್ತೆ ಇಲ್ಲ. ನನಗೂ ಹೊತ್ತು ಹೋಗ್ಬೇಕಲ್ಲ?" ಎಂದು ಎದ್ದು ಕೋಟಿನ ಸಮೇತ ಪಕ್ಕಕ್ಕೆ ನಿಂತ.

ಡಾಕ್ಟರು ಹೊಟ್ಟೆ ಕುಣಿಸಿ ನಕ್ಕರು. "ನನ್ನ ಹೆಂಡ್ತಿ ತಮ್ಮ. ಭಾರೀ ತಮಾಷೆ ಮನುಷ್ಯ. ಬೇಜಾರ್ ಮಾಡ್ಕೋಬೇಡ್ರಮ್ಮ."

"ಅಯ್ಯೋ ಮುಂಡೇಮಗ್ನೆ!" ಎಂದಳು ನಾದಿನಿ.

ಡಾಕ್ಟರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿದ್ದನ್ನು ಊಟದ ಜೊತೆಗೇ ಅರಗಿಸಿಕೊಂಡರು. ಎರಡು ಮಾರು ದೂರದಿಂದಲೇ ದೊಡ್ಡಕ್ಕನನ್ನು ಮೇಲಿಂದ ಕೆಳಗೆ ನೋಡಿದರು. ನಾಡಿ ಹಿಡಿಯಲಿಲ್ಲ. ಮೈಲಿಗೆಯಾದೀತೆಂಬ ಭಯ ಡಾಕ್ಟರ ಕೈಗೂ ಇರುತ್ತದೆ.

"ಏದುಸಿರು. ಬೆವರು. ಮಂಡಿ ಊತ. ಕೈ ನಡುಕ," ಎಂದು ಚೀಟಿ ಎಳೆದುಕೊಂಡು ಕೆಂಪು ಸೀಲು ಒತ್ತಿದರು. "ನಾಳೆಯಿಂದ ಬರ್ಬೇಡಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಸಾರ್! ಇವ್ರು ಬಸ್ಕಿ ಹೊಡಿಸಿದ್ದಕ್ಕೆ ಹಿಂಗಾಗಿದ್ದು ಸಾರ್. ಬೆಳಿಗ್ಗೆ ಎರಡು ಬೀದಿ ಗುಡಿಸೇ ಬಂದಿದೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ನೀಲಿ ಹಾಕಿ ಸಾರ್."

"ಬಸ್ಕಿಗೇ ಹಿಂಗಾದ್ರೆ ವರ್ಷವೆಲ್ಲಾ ಏನ್ ಗುಡಿಸ್ತೀಯ? ನಿಜ ಹೇಳ್ಬೇಕಂದ್ರೆ ಇವನ ಪರೀಕ್ಷೇನೇ ಚೆನ್ನಾಗಿದೆ ಕಣಮ್ಮ." ಡಾಕ್ಟರು ಗಡಿಯಾರ ನೋಡಿ ಭಾಮೈದನತ್ತ ತಿರುಗಿದರು. ಐದಕ್ಕೆ ಹದಿನೈದು ನಿಮಿಷವಿತ್ತು. "ಉಳಿದೋರನ್ನೂ ಕರಿ. ನೀನು ಬಸ್ಕಿ ಹೊಡಿಸು, ನಾನು ಸೀಲ್ ಒತ್ತುತಾ ಹೋಗ್ತೀನಿ. ಬೇಗ ಮುಗೀತದೆ."

ಕಾಲಿಗೆ ಬೀಳಲು ಬಗ್ಗಿದ್ದ ದೊಡ್ಡಕ್ಕ ಅರ್ಧಕ್ಕೇ ನಿಂತಳು. ಹೊರಗೆ ಕೂತ ಹತ್ತು ಮಂದಿ ಕಣ್ಣ ಮುಂದೆ ಬಂದರು. ಒಬ್ಬಳಿಗೆ ಬೆನ್ನು ನೋವು, ಒಬ್ಬಳು ಆರು ತಿಂಗಳ ಬಸುರಿ. ಅವಳು ಬೆನ್ನು ನೆಟ್ಟಗೆ ಮಾಡಿದಳು.

"ಕರಿಯೇ ಎಲ್ಲಾರ್ನೂ," ಎಂದಳು ನಾದಿನಿಗೆ. "ಪೊರಕೆ ತಗೊಂಡೇ ಬರ್ಲಿ."

ನಾದಿನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ವರಾಂಡಕ್ಕೆ ಹೋಗಿ ನಡೆದುದನ್ನು ನಡೆದ ಹಾಗೆ, ನಾಲ್ಕು ಬೈಗುಳ ಸೇರಿಸಿ ಹೇಳಿದಳು. ಹತ್ತೂ ಮಂದಿ ಒಳಗೆ ಬಂದರು. ಕೊನೆಯವಳು ಮುಂಬಾಗಿಲು ಎಳೆದು, ಎರಡು ಹಿಡಿಗಳ ನಡುವೆ ಉದ್ದನೆಯ ಪೊರಕೆಕೋಲು ತೂರಿಸಿದಳು. ಹಿಂಬಾಗಿಲಿಗೆ ನಾದಿನಿಯೇ ಬೆನ್ನು ಕೊಟ್ಟು ನಿಂತಳು.

ದೊಡ್ಡಕ್ಕ ಸೆರಗಿನ ಸಿಪ್ಪೆಯನ್ನೆಲ್ಲ ಮೇಜಿನ ಮೇಲೆ ಸುರಿದಳು. "ಬಿಚ್ಚು," ಎಂದಳು ಭಾಮೈದನಿಗೆ.

"ಏ... ಏನು?"

"ಕೋಟು ಕಣೋ."

ಅವನು ಬಿಚ್ಚಿಕೊಟ್ಟ. ದೊಡ್ಡಕ್ಕ ಸೀರೆಯ ಮೇಲೆ ಕೋಟು ತೊಟ್ಟಳು. ತಿರುಗುವ ಕುರ್ಚಿಯಲ್ಲಿ ಕೂತಳು. ಬೆಳಿಗ್ಗೆಯಿಂದ ಮೊದಲ ಸಲ ಮಂಡಿಗೆ ಹಾಯೆನಿಸಿತು.

"ಕೋಟೂ ಆಯ್ತು, ಕುರ್ಚೀನೂ ಆಯ್ತು. ಈಗ ನಾನೇ ಡಾಕ್ಟ್ರು. ಕಿವಿ ಹಿಡ್ಕೊಳ್ಳಿ ಸಾರ್, ನರ ಸಡ್ಲ ಆಗ್ತದೆ."

"ಜವಾನಾ! ಪೊಲೀಸ್ರಿಗೆ ಫೋನ್ ಮಾಡೋ!" ಎಂದು ಡಾಕ್ಟರು ಕೂಗಿದರು.

ಜವಾನ ಕಿಟಕಿಯಲ್ಲಿ ಇಣುಕಿದ, ಪೊರಕೆಗಳನ್ನು ಎಣಿಸಿದ, ಟೀ ಕುಡಿಯಲು ಹೋದ.

ಡಾಕ್ಟರು ಸುತ್ತ ನೋಡಿದರು. ಯಾರೂ ಅವರ ಮೈ ಮುಟ್ಟಲಿಲ್ಲ. ಮುಟ್ಟದೆ ನಿಲ್ಲುವುದನ್ನು ಆ ಹೆಂಗಸರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸುಮ್ಮನೆ ಪೊರಕೆ ಹಿಡಿದು ಕಾದರು. ಡಾಕ್ಟರ ಕೈ ಮೆಲ್ಲಗೆ ಕಿವಿಗೆ ಹೋಯಿತು.

"ಒಂದು," ಎಂದರು ಹೆಂಗಸರು ಒಟ್ಟಿಗೆ. "ಎರಡು."

ನಾಲ್ಕಕ್ಕೆ ಅಂಗಿಯ ಗುಂಡಿ ಹಾರಿತು. ಆರಕ್ಕೆ ಡಾಕ್ಟರು ಮೇಜು ಹಿಡಿದು ನಿಂತರು. ಮುಖದಲ್ಲಿ ನೀರಿಳಿಯುತ್ತಿತ್ತು.

"ಏದುಸಿರು," ಎಂದಳು ದೊಡ್ಡಕ್ಕ. "ಬೆವರು. ಕೈ ನಡುಕ." ಕೆಂಪು ಸೀಲು ತೆಗೆದು, ಮಸಿಗೆ ಅದ್ದಿ, ಎದ್ದು ಹೋಗಿ ಡಾಕ್ಟರ ಅಂಗಿಯ ಎದೆಯ ಮೇಲೆ ಒತ್ತಿದಳು. "ನಾಳೆಯಿಂದ ಬರ್ಬೇಡಿ ಸಾರ್. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಆಮೇಲೆ ನೀಲಿ ಸೀಲು ಎತ್ತಿ ತನ್ನ ಚೀಟಿಗೂ ಒತ್ತಿದಳು. ಕೆಂಪಿನ ಮೇಲೆ ನೀಲಿ ಬಿದ್ದು ಯಾವುದೂ ಓದಲು ಬಾರದಂತಾಯಿತು. ಅದನ್ನು ಒಂದು ಕ್ಷಣ ನೋಡಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

ಐದು ಹೊಡೆಯಿತು. ಹೊರಗಿನಿಂದ ಮೇಸ್ತ್ರಿ ಬಾಗಿಲು ಗುದ್ದತೊಡಗಿದ. "ಏನ್ರೇ ಅದು ಒಳಗೆ? ತೆಗೀರೇ ಬಾಗ್ಲು! ಚೀಟಿ ಎಲ್ರೇ?"

ಪೊರಕೆಕೋಲು ಅಲುಗಿತು. ಹೆಂಗಸರು ಅಲುಗಲಿಲ್ಲ. ಮೂಲೆಯಲ್ಲಿ ಕಡಲೆಕಾಯಿ ಪೊಟ್ಟಣ ಎದೆಗವಚಿಕೊಂಡು ನಿಂತವನ ಪಿನ್ನು ಚುಚ್ಚಿದ ಚಪ್ಪಲಿಯಿಂದ ದೊಡ್ಡಕ್ಕ ಮೆಲ್ಲಗೆ ಕಣ್ಣೆತ್ತಿ, ಮೊದಲ ಸಲ ಅವನ ಮುಖ ನೋಡಿದಳು.

"ನೀನು ಬಾಪ್ಪಾ," ಎಂದಳು. "ಮೊದಲಿಂದ."