ತೊಟ್ಟಿಲ ಹೊತ್ತಿಗೆ ಒಂದು ಸಿಮ್

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ. ಸಂಗತಿ ಮಾರೆಮ್ಮನವರದು, ನಾನು ಜೊತೆಗಿದ್ದವನು ಅಷ್ಟೇ. ಸಂಜೆ ಕಾಲೇಜಿನಲ್ಲಿ ಕಲಿತವನ ಬರವಣಿಗೆ, ತಪ್ಪಿದ್ದರೆ ಓದುವವರು ಕ್ಷಮಿಸಬೇಕು.

೨೦೦೮ರಲ್ಲಿ ಹರಪನಹಳ್ಳಿಯಿಂದ ಹದಿನಾಲ್ಕು ಜನ ನೇಪಾಳದ ಲುಂಬಿನಿಗೆ ಹೊರಟೆವು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮಾರೆಮ್ಮ ಪಕ್ಕದ ಮನೆಯವರು, ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಲುಂಬಿನಿ ನೋಡಬೇಕೆಂಬುದು ತೀರಿಹೋದ ಅವರ ಗಂಡನ ಆಸೆಯಾಗಿತ್ತು. ಟಿಕೆಟ್ ತೆಗೆಸಿದ ಮೇಲೆ ಮಗಳು ಭಾಗ್ಯಳಿಗೆ ದಿನ ತುಂಬುವ ಮೊದಲೇ ಗಂಡು ಮಗುವಾಯಿತು. ಹೆಸರಿಡುವ ಶಾಸ್ತ್ರ ನಾವು ಅಲ್ಲಿರುವ ದಿನವೇ ಬಿತ್ತು.

ಮಗುವನ್ನು ತೊಟ್ಟಿಲಿಗೆ ಹಾಕುವಾಗ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆ. ಭಾಗ್ಯಳ ನಾದಿನಿ ಅಂಜಿನಕ್ಕ ಅದನ್ನು ಅಜ್ಜಿಗೆ ಬಿಟ್ಟುಕೊಟ್ಟಿದ್ದಳು, ಆದರೆ ಹನ್ನೆರಡು ಗಂಟೆಯವರೆಗೆ ಮಾತ್ರ. ಭಾಗ್ಯಳ ಗಂಡನ ಊರು ತೆಲಿಗಿಯಲ್ಲಿ ಫೋನನ್ನು ಮಗುವಿನ ಕಿವಿಗೆ ಹಿಡಿಯುವುದು, ಹೆಸರು ಕ್ರಾಂತಿ ಎಂದು ತಾಯಿ ಮಗಳು ಮಾತಾಡಿಕೊಂಡಿದ್ದರು.

ಗಡಿ ದಾಟಿದ ಕೂಡಲೇ ನನ್ನ ಮೊಬೈಲು ಸುಮ್ಮನಾಯಿತು. ಲುಂಬಿನಿಯ ಬೂತಿನ ಲೈನೂ ಕೆಟ್ಟಿತ್ತು. ಶಾಸ್ತ್ರದ ದಿನ ಬೆಳಿಗ್ಗೆ ಮಾರೆಮ್ಮನವರನ್ನು ಕರೆದುಕೊಂಡು ಹತ್ತಿರದ ಭೈರಹವಾ ಪೇಟೆಗೆ ಹೋದೆ. ಸಿಮ್ ಬೇಕೆಂದರೆ ಫೋಟೋ, ಗುರುತಿನ ಚೀಟಿ, ಅರ್ಜಿ ಬೇಕೆಂದು ಅಂಗಡಿಯವನು ಹಿಂದಿಯಲ್ಲಿ ಹೇಳಿದ. ಸರ್ಕಾರಿ ನೌಕರ ಅನುಮತಿಯಿಲ್ಲದೆ ಪರದೇಶದ ಸಿಮ್ ಕೊಂಡರೆ ಕಚೇರಿಯಲ್ಲಿ ಕೇಳಿಯಾರೆಂದು ನಾನು ಹೆದರಿದೆ. ಹಾಗೊಂದು ನಿಯಮವಿದೆಯೋ ಇಲ್ಲವೋ ಇವತ್ತಿಗೂ ನೋಡಿಲ್ಲ. ಮಾರೆಮ್ಮನವರ ಮತದಾರರ ಚೀಟಿಯನ್ನೇ ಕೊಡಿಸಿದೆ. ಅವರ ಫೋಟೋ ತೆಗೆಸುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು.

ಅರ್ಜಿಯಲ್ಲಿ ಗಂಡನ ಹೆಸರು ಕೇಳಿತ್ತು. ಮಾರೆಮ್ಮ ಬಾಯಿಬಿಡದೆ ಚೀಟಿಯ ಮೇಲೆ ಬೆರಳಿಟ್ಟರು. ನಾಗೇಂದ್ರಪ್ಪ ಎಂದು ಬರೆದುಕೊಂಡೆ. ಆಮೇಲೆ ಅರ್ಜಿ ಹಾಕುವವರ ಅಜ್ಜನ ಹೆಸರು; ನೇಪಾಳದಲ್ಲಿ ಅದನ್ನೂ ಕೇಳುತ್ತಾರಂತೆ.

“ಯಾರಿಗೆ ಗೊತ್ತೈತಿ?” ಎಂದರು. “ಗೌಡ್ರ ಮನಿಯಾಗ ಲೇ ಅಂತ ಕರೀತಿದ್ರಂತೆ. ಅಷ್ಟಕ್ಕೇ ಓಡಿ ಹೋಗ್ತಿದ್ನಂತೆ.”

ಜಾಗ ಖಾಲಿ ಬಿಟ್ಟರೆ ಆಗದೆಂದ ಅಂಗಡಿಯವನು. ನಾನು ಓಬಳಪ್ಪ ಎಂದು ಬರೆದೆ. ಬರೆಯುತ್ತಾ ಬಾಯಲ್ಲೂ ಅಂದದ್ದು ಮಾರೆಮ್ಮನವರಿಗೆ ಕೇಳಿಸಿತು.

“ಯಾರ್ದಪಾ ಹೆಸರು?”

“ನಮ್ಮಜ್ಜಂದು, ದೊಡ್ಡಮ್ಮ.”

“ಬರಿ ಬರಿ. ನಿಮ್ಮಜ್ಜಗ ನಾನೂ ಒಬ್ಬಾಕಿ ಮೊಮ್ಮಗಳಾದೆ.”

ನಕ್ಕರು.

ಸಿಮ್ ಚಾಲೂ ಆದಾಗ ಅಂಗಡಿಯ ಗಡಿಯಾರದಲ್ಲಿ ಹನ್ನೆರಡೂ ಐದು. ಎಲ್ಲಾ ಮುಗಿಯಿತು, ನನ್ನಿಂದಲೇ ಕೆಟ್ಟಿತು ಎಂದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟೆ. ಅಂಗಡಿಯವನು ನಮ್ಮ ಗಡಿಯಾರ ನಿಮ್ಮದಕ್ಕಿಂತ ಕಾಲು ಗಂಟೆ ಮುಂದೆ ಎಂದು ತಿಳಿಸಿದ. ಇನ್ನೂ ಹತ್ತು ನಿಮಿಷವಿತ್ತು.

ಮೂರನೇ ಸಲಕ್ಕೆ ಭಾಗ್ಯ ಸಿಕ್ಕಳು. ಫೋನನ್ನು ಮಾರೆಮ್ಮನವರಿಗೆ ಕೊಟ್ಟೆ.

“ಕೂಸಿನ ಕಿವಿಗೆ ಹಿಡ್ದೀಯೇನು?” ಎಂದು ಕೇಳಿದರು. ಗೋಡೆ ಕಡೆ ತಿರುಗಿ, ಬಾಯಿಗೆ ಅಂಗೈ ಮರೆಮಾಡಿ ಏನೋ ಹೇಳಿದರು. ಕ್ರಾಂತಿ ಎನ್ನಲು ಅಷ್ಟು ಹೊತ್ತು ಬೇಕಿರಲಿಲ್ಲ.

ವಾಪಸು ಬಸ್ಸಿನಲ್ಲಿ, ಕ್ರಾಂತಿ ಅಂತ ತಾನೇ ಹೇಳಿದ್ದು ಎಂದು ಕೇಳಿದೆ.

“ಅಜ್ಜನ ಹೆಸರು ಕೇಳಿದ್ರ ಆ ಕೂಸು ನನ್ನಂಗ ನಿಲ್ಲಬಾರ್ದು,” ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು.

ತೆಲಿಗಿಯಲ್ಲಿ ಎಲ್ಲರೂ ಆ ಹುಡುಗನನ್ನು ಕ್ರಾಂತಿ ಎಂದೇ ಕರೆಯುತ್ತಾರೆ. ಬಾಯಲ್ಲಿ ಒಮ್ಮೆಯೂ ಗಂಡನ ಹೆಸರು ಹೇಳದ ಮಾರೆಮ್ಮ ಅವತ್ತು ಕ್ರಾಂತಿಯ ಬದಲು ಅದನ್ನೇ ಹೇಳಿದರೋ, ಎರಡು ಹೆಸರನ್ನೂ ಹೇಳಿದರೋ, ಕೇಳಿಸಿಕೊಂಡದ್ದು ಮಗು ಮಾತ್ರ. ನನಗೆ ಗೊತ್ತಿಲ್ಲ.