ಎರಡು ಹಾಳೆಗಳ ನಡುವಿನ ಸೇತುವೆ

ಹೊಳೆ ಸುತ್ತಿಕೊಂಡು ಹೋಗುವ ಬಸ್ಸಿಗೆ ಎರಡು ಟಿಕೆಟ್ಟು, ಒಂದೂವರೆ ಗಂಟೆ. ತಿಂಗಳಿಗೆ ಐದು ದಿನದ ಕೂಲಿ ಬಸ್ಸಿಗೇ ಸುರಿಯಬೇಕು. ಸೇತುವೆ ಮೇಲೆ ಸೈಕಲ್ ತುಳಿದರೆ ಇಪ್ಪತ್ತೇ ನಿಮಿಷ, ಚಕ್ರಕ್ಕೆ ಗಾಳಿ ಹೊಡೆಸಿದಷ್ಟೇ ಖರ್ಚು. ಆದರೆ ಜೀವ ಕೈಯಲ್ಲಿ ಹಿಡಿದು ಹೋಗಬೇಕು. ಕಳೆದ ತಿಂಗಳು ಲಾರಿಯ ಕೊಕ್ಕೆಯೊಂದು ಅಕ್ಕನ ರವಿಕೆ ತೋಳನ್ನು ಹರಿದುಕೊಂಡು ಹೋಗಿತ್ತು. ಬಟ್ಟೆ ಹೊಸದಾಗಿದ್ದು ಹರಿಯದೆ ಹೋಗಿದ್ದರೆ ಅವಳೂ ಜೊತೆಗೇ ಹೋಗುತ್ತಿದ್ದಳು.

ಅಕ್ಕನಿಗೆ ಹೊಳೆಯಾಚೆಯ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅವಳ ತಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವನು. ಐದು ಊರುಗಳನ್ನು ಜೋಡಿಸುವ ಸೈಕಲ್ ದಾರಿಗಳ ಯೋಜನೆ ಅವನ ಕಚೇರಿಯದೇ. ಭಾನುವಾರ ಸಭಾಂಗಣದಲ್ಲಿ ನಕ್ಷೆ ಹಾಕುತ್ತಾರೆ. ಜನ ಬಂದು ತಮಗೆ ಭಯವಾಗುವ ಜಾಗಕ್ಕೆ ಕೆಂಪು ಚುಕ್ಕಿ ಅಂಟಿಸಬೇಕು. ಐವತ್ತು ಚುಕ್ಕಿ ಬಿದ್ದ ಕಡೆ ಮೊದಲು ದಾರಿ. ಸಂಜೆ ಆರಕ್ಕೆ ಮುಕ್ತಾಯ.

“ಐವತ್ತು ಜನ ಬಂದ್ರೆ ಸಾಕಕ್ಕ,” ಅಂದಿದ್ದ ತಮ್ಮ.

“ಐವತ್ತೇನೋ, ಒಗೆಯೋ ಮನೇನೇ ಎತ್ಕೊಂಡು ಬರ್ತೀನಿ. ನಿನ್ನ ಚುಕ್ಕಿ ಸಾಲ್ಬೇಕು ಅಷ್ಟೆ.”

ಹೇಳಿದಂತೆ ಕರೆತಂದಳು. ಅರ್ಧ ದಿನದ ಕೂಲಿ ಬಿಟ್ಟು ಅರವತ್ತಮೂರು ಜನ ಬಂದರು. ಗೋಡೆಗೆ ಸಾಲಾಗಿ ಊರಿಗೊಂದು ನಕ್ಷೆಯ ಹಲಗೆ. ಅಕ್ಕ ಕನ್ನಡಕ ಏರಿಸಿ ಮೂರನೇ ಹಲಗೆ ನೋಡಿದಳು, ನಾಲ್ಕನೆಯದು ನೋಡಿದಳು.

“ಸೇತುವೆ ಎಲ್ಲೋ?”

ತಮ್ಮ ಬೆರಳಿಟ್ಟು ತೋರಿಸಲು ಹೋದ. ಬೆರಳು ತಾಗಿದ್ದು ಎರಡು ಹಲಗೆಗಳ ನಡುವಿನ ಮರದ ಚೌಕಟ್ಟಿಗೆ. ಊರಿಗೊಂದು ಹಾಳೆ ಎಂಬುದು ಕಚೇರಿಯ ಪದ್ಧತಿ. ಗಡಿ ಹೊಳೆಯ ನಡುವೆ ಇದ್ದುದರಿಂದ ಸೇತುವೆ ಆ ಹಾಳೆಯ ಅಂಚಿನಲ್ಲಿ ಅರ್ಧ, ಈ ಹಾಳೆಯ ಅಂಚಿನಲ್ಲಿ ಅರ್ಧ. ಶುಕ್ರವಾರ ನೋಡಿದರೆ ಹಾಳೆಗಳು ಹಲಗೆಗಿಂತ ಎರಡೆರಡು ಬೆರಳು ದೊಡ್ಡವು. ಬಣ್ಣಕ್ಕೆ ಗೀರು ಬೀಳಬಾರದೆಂದು ಯಾವಾಗಲೂ ಮಾಡುವಂತೆ ಹಾಳೆ ಬೋರಲು ಹಾಕಿ, ಬೆನ್ನ ಕಡೆಯಿಂದ ಬ್ಲೇಡು ಎಳೆದಿದ್ದ. ಬೆನ್ನು ಬರೀ ಬಿಳಿ, ಅಂಚಿನ ಜೊತೆ ಸೇತುವೆಯೂ ಹೋದದ್ದು ಕಂಡಿರಲಿಲ್ಲ.

ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದ. ಕಾವಲುಗಾರನ ಕೈಕಾಲು ಹಿಡಿದು ಬೀಗ ತೆಗೆಸಿದ. ಕತ್ತರಿಸಿದ ಪಟ್ಟಿಗಳಿಗಾಗಿ ಕಸದ ಬುಟ್ಟಿ ಬಗ್ಗಿಸಿದ. ಬುಟ್ಟಿ ಖಾಲಿ. ಕಸದವರು ಶನಿವಾರವೇ ಬಂದು ಹೋಗಿದ್ದರು.

ವಾಪಸು ಬರುವಷ್ಟರಲ್ಲಿ ಚೌಕಟ್ಟೆಲ್ಲ ಕೆಂಪು.

“ಮರದ ಮೇಲೇ ಅಂಟಿಸಿದ್ವಪ್ಪ,” ಅಂದಳು ಆಸ್ಪತ್ರೆ ಬಟ್ಟೆಗೆ ಇಸ್ತ್ರಿ ಹಾಕುವ ಅಜ್ಜಿ. “ದಿನಾ ನಾವು ಹೋಗೋದೂ ಹಾಗೇ ತಾನೆ, ಆ ಕಡೆಗೂ ಸೇರಿಲ್ಲ, ಈ ಕಡೆಗೂ ಸೇರಿಲ್ಲ.”

ಎಲ್ಲರೂ ನಕ್ಕರು. ಅವನಿಗೆ ನಗು ಬರಲಿಲ್ಲ.

ಆರಕ್ಕೆ ಎಣಿಸಲು ಬಂದ ಮೇಲಧಿಕಾರಿ ಮೇಡಂ ಚೌಕಟ್ಟಿನ ಮುಂದೆ ನಿಂತರು. “ಇದೇನ್ರೀ, ಮರಕ್ಕೆ ದಡಾರ ಎದ್ದ ಹಾಗಿದೆ?”

“ಹಾಳೆ ಅಂಚು ಕತ್ತರಿಸೋವಾಗ ಸೇತುವೆ ಹೋಗ್ಬಿಟ್ಟಿದೆ, ತಪ್ಪು ನನ್ನದು ಮೇಡಂ. ಕೈ ಮುಗೀತೀನಿ, ಇದನ್ನೂ ಸೇರಿಸ್ಕೊಳ್ಳಿ. ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ.”

“ನಿಮ್ಮನ್ನ ತೆಗೆದ್ರೆ ಸೇತುವೆ ಹಾಳೆಗೆ ಬರುತ್ತೇನ್ರೀ? ಯಾವ ಊರಿನ ಲೆಕ್ಕಕ್ಕೆ ಸೇರಿಸ್ಲಿ? ಹಾಳೆ ಹೊರಗಿಂದು ಎಣಿಸಿದ್ರೆ ಉಳಿದ ಊರಿನವರು ನನ್ನ ಸುಮ್ನೆ ಬಿಡ್ತಾರಾ? ಮುಂದಿನ ಸಲ ನೋಡೋಣ.”

“ಮುಂದಿನ ಸಲ ಅಂದ್ರೆ ಯಾವಾಗಮ್ಮ?” ಹಿಂದಿನಿಂದ ಅಕ್ಕ ಕೇಳಿದಳು.

“ಆರು ವರ್ಷಕ್ಕೆ.”

ಹೊರಗೆ ಬಂದ ಮೇಲೆ ಅಕ್ಕ ಹೆಬ್ಬೆರಳಿನಿಂದ ಚಕ್ರ ಒತ್ತಿ ಗಾಳಿ ನೋಡಿದಳು. “ಕತ್ತರಿಸಿದ್ದು ನೀನೇನೋ?”

“ನಾನೇ ಅಕ್ಕ. ನಾಳೆಯಿಂದ ಬಸ್ಸಲ್ಲಿ ಹೋಗು, ದುಡ್ಡು ನಾನು ಕೊಡ್ತೀನಿ.”

“ನನಗೊಬ್ಬಳಿಗೆ ಕೊಡ್ತೀಯ. ಉಳಿದವರಿಗೆ?”

ಅವಳು ಸೈಕಲ್ ಹತ್ತಿ ಉಳಿದವರ ಜೊತೆ ಸೇತುವೆ ಕಡೆಗೇ ಹೊರಟಳು.

ಆ ಯೋಜನೆಯಲ್ಲಿ ಐದು ಊರುಗಳಿಗೆ ನಲವತ್ತೊಂದು ಕಿಲೋಮೀಟರ್ ಸೈಕಲ್ ದಾರಿ ಸಿಕ್ಕಿತು. ಅರವತ್ತಮೂರು ಜನರ ಅರ್ಧ ದಿನದ ಕೂಲಿ ಹೋಯಿತು. ಸೇತುವೆಗೆ ಏನೂ ಸಿಗಲಿಲ್ಲ.